ಮಂಚ ಗಟ್ಟಿ ಇರಬೇಕಂತೆ

ನಾನು ಒಂದು ಮಂಚ. ಹೇಳಿಕೊಳ್ಳುವಂಥ ಮಂಚವೇನಲ್ಲ. ಕರಿಜಾಲಿ ಮರದ ನಾಲ್ಕು ಕಾಲು, ನಾಲ್ಕು ಪಟ್ಟಿ, ನಡುವೆ ಬಿಗಿಯಾಗಿ ಹೆಣೆದ ನವಾರು, ಅಷ್ಟೇ. ಆದರೂ ಬೇವಿನಕೆರೆ ತಾಲ್ಲೂಕಿನಲ್ಲಿ ಯಾರನ್ನಾದರೂ ನಿಲ್ಲಿಸಿ ‘ಮಂಚದ ಎಲೆಕ್ಷನ್’ ಎಂದು ನೋಡಿ. ಮೊದಲು ನಗುತ್ತಾರೆ, ಆಮೇಲೆ ‘ಅಯ್ಯೋ ಪಾಪ’ ಎನ್ನುತ್ತಾರೆ. ಊರವರು ತಲೆಗೊಂದು ಥರ ಹೇಳುವ ಆ ಕಥೆಯನ್ನು ಒಂದು ಸಲ ನನ್ನಿಂದಲೂ ಕೇಳಿ. ಅವರೆಲ್ಲ ದೂರದಿಂದ ನೋಡಿದವರು, ನಾನು ಹೊತ್ತು ನೋಡಿದ್ದೇನೆ.

ನನ್ನನ್ನು ಮಾಡಿದವನು ಮೌನೇಶಾಚಾರಿ. ಹೆಸರಿನಲ್ಲಿ ಮಾತ್ರ ಮೌನ. ಉಳಿ ಹಿಡಿದ ಕೈ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ, ಮರವನ್ನು ಬೈದು ಬೈದೇ ಹದಕ್ಕೆ ತರುತ್ತಿದ್ದ. ಹೆದ್ದಾರಿ ಪಕ್ಕದ ಡಾಬಾದ ರುದ್ರಮುನಿ ಬಂದು, “ಆಚಾರ್ರೆ, ನನಗೆ ಚೆಂದ ಬ್ಯಾಡ. ಕೂರೋರು ಲಾರಿ ಡ್ರೈವರ್‌ಗಳು. ಐದು ಜನ ಒಟ್ಟಿಗೆ ಕೂತ್ರೂ ಕಿರ್ ಅನ್ನಬಾರ್ದು” ಎಂದ. ಆಚಾರಿಗೆ ಅದು ಅವಮಾನವಾಗಿ ಕಂಡಿತು. “ನಾನು ಮಾಡಿದ ಮಂಚ ಕಿರ್ ಅಂದ ದಿನ ಬಂದು ನನ್ನ ಕಿವಿ ಹಿಂಡಪ್ಪ” ಎಂದು ರೇಗಿ, ಆ ರೇಗಿನಲ್ಲೇ ನನ್ನ ಕಾಲುಗಳನ್ನು ತೊಡೆಗಾತ್ರ ಕಡೆದ. ನಾನು ಹುಟ್ಟಿದ್ದೇ ಒಬ್ಬನ ಹಟದಿಂದ. ಅದಕ್ಕೇ ಇರಬೇಕು, ಎಂಥವರು ಕೂತರೂ ಬಹಳ ಕಾಲ ಕಿರ್ ಎನ್ನಲಿಲ್ಲ.

ಡಾಬಾದ ದಿನಗಳು ಚೆನ್ನಾಗಿದ್ದವು. ಹಗಲೂ ರಾತ್ರಿ ಲಾರಿಗಳು. ಪಂಜಾಬಿನವರು, ರಾಜಸ್ಥಾನದವರು, ಸೇಲಂನವರು ನನ್ನ ಮೇಲೆ ಕೂತು ದಾಲು ರೊಟ್ಟಿ ತಿಂದು, ಮನೆಗೆ ಫೋನು ಮಾಡಿ, ಗೊರಕೆ ಹೊಡೆದು ಹೋಗುತ್ತಿದ್ದರು. ಅವರ ಸಹವಾಸದಲ್ಲಿ ನನಗೆ ಅಷ್ಟಿಷ್ಟು ಹಿಂದಿ ಬಂತು. ಉತ್ತರದವರು ನನ್ನನ್ನು ‘ಚಾರ್ಪಾಯಿ’ ಎನ್ನುತ್ತಿದ್ದರು, ‘ಖಾಟ್’ ಎನ್ನುತ್ತಿದ್ದರು. ಒಬ್ಬನೇ ಒಬ್ಬ ‘ಮಂಚ್’ ಎನ್ನಲಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಬೈಪಾಸ್ ರಸ್ತೆ ಬಂದ ಮೇಲೆ ಲಾರಿಗಳು ಡಾಬಾವನ್ನು ಮರೆತವು. ರುದ್ರಮುನಿ ಬಾಗಿಲು ಹಾಕಿ, ನನ್ನನ್ನು ಸಿಕ್ಕಿದ ಬೆಲೆಗೆ ದಾದಾಪೀರನಿಗೆ ಕೊಟ್ಟ. ದಾದಾಪೀರ ಬೇವಿನಕೆರೆ ಬಸ್‌ಸ್ಟ್ಯಾಂಡ್ ಪಕ್ಕ ಶಾಮಿಯಾನ, ಪಾತ್ರೆ, ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಅವನ ಅಂಗಡಿಯ ದೊಡ್ಡ ಬೋರ್ಡಿನ ಕೆಳಗೆ ಇನ್ನೊಂದು ಸಣ್ಣ ಬೋರ್ಡು ಇತ್ತು: ‘ಸರ್ವೋನ್ನತಿ ಪಕ್ಷ, ತಾಲ್ಲೂಕು ಕಚೇರಿ’. ಪಕ್ಷಕ್ಕೆ ಬೇರೆ ಜಾಗವಿರಲಿಲ್ಲ. ಮದುವೆಗೆ ಕೊಳದಪ್ಪಲೆ ಕೇಳಲು ಬಂದವರು ಪಕ್ಷದ ಸಭೆಯ ನಡುವೆಯೇ ನಿಂತು ಚೌಕಾಸಿ ಮಾಡುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಪಕ್ಷದಲ್ಲಿ ಜನ ಇದ್ದಾರೆ ಎನ್ನಿಸುತ್ತಿದ್ದುದು ಆ ಮದುವೆ ಮನೆಯವರಿಂದಲೇ.

ಅಲ್ಲಿಯೇ ನಾನು ಓಬಣ್ಣನನ್ನು ಕಂಡದ್ದು. ಓಬಣ್ಣ ಹುಣಸೆಹಣ್ಣಿನ ವ್ಯಾಪಾರಿ, ಪಕ್ಷದ ತಾಲ್ಲೂಕು ಅಧ್ಯಕ್ಷ, ಪ್ರತಿ ಸಲದ ಅಭ್ಯರ್ಥಿ. ಉದ್ದನೆಯ ತೆಳ್ಳನೆಯ ಆಳು, ಕೂತರೆ ನನಗೆ ಭಾರವೇ ತಿಳಿಯುತ್ತಿರಲಿಲ್ಲ. ಊರಲ್ಲಿ ಅವನಿಗೆ ‘ಠೇವಣಿ ಓಬಣ್ಣ’ ಎಂದು ಹೆಸರು, ನಿಂತಾಗಲೆಲ್ಲ ಠೇವಣಿ ಕಳೆದುಕೊಂಡವನು. ಆದರೆ ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಾಯಿಸಬೇಕಾದರೆ, ನಿಂತುಹೋದ ವೃದ್ಧಾಪ್ಯ ವೇತನ ಮತ್ತೆ ಬರಬೇಕಾದರೆ, ಆಸ್ಪತ್ರೆಯಲ್ಲಿ ಡಾಕ್ಟರನ್ನು ಕುರ್ಚಿಯಿಂದ ಎಬ್ಬಿಸಬೇಕಾದರೆ ಜನ ಹುಡುಕಿಕೊಂಡು ಬರುತ್ತಿದ್ದುದು ಓಬಣ್ಣನನ್ನೇ. ಗೆದ್ದು ಕೂತಿದ್ದ ಶಾಸಕ ಕರಿಬಸಪ್ಪ ಸಿಗುತ್ತಿದ್ದುದು ಫ್ಲೆಕ್ಸಿನಲ್ಲಿ ಮಾತ್ರ.

ಕೆಲಸ ಆದ ಮೇಲೆ ಜನ ಬಂದು ನನ್ನ ಮೇಲೆ ಕೂತು ಕೈಮುಗಿಯುತ್ತಿದ್ದರು. “ನಿಮ್ಮಂಥೋರು ಇಲ್ಲ ಕಣಣ್ಣ.”

“ಹಂಗಾದ್ರೆ ಈ ಸಲ ನನಗೇ ವೋಟಲ್ವಾ?” ಓಬಣ್ಣ ಆಸೆಯಿಂದ ಕೇಳುತ್ತಿದ್ದ.

“ಹಾಕಬೇಕು ಅಂತ್ಲೇ ಐತೆ. ಆದ್ರೆ ನೀವು ಗೆಲ್ಲಲ್ವಲ್ಲಣ್ಣ. ವೋಟು ದಂಡ ಆಗುತ್ತೆ.”

ಇದೇ ಮಾತು. ಹಳ್ಳಿ ಬದಲಾದರೂ, ಜಾತಿ ಬದಲಾದರೂ ಇದೇ ಮಾತು. ಒಳ್ಳೆಯವನಲ್ಲ ಎಂದು ಯಾರೂ ಅನ್ನಲಿಲ್ಲ. ಗೆಲ್ಲುವವನಲ್ಲ ಎಂದು ಎಲ್ಲರೂ ಅಂದರು. ಎಲ್ಲರೂ ಹಾಗೆ ಅಂದದ್ದರಿಂದ ಅವನು ಗೆಲ್ಲಲಿಲ್ಲ, ಗೆಲ್ಲದ್ದರಿಂದ ಎಲ್ಲರೂ ಮತ್ತೆ ಹಾಗೆ ಅಂದರು. ಗಾಣದ ಎತ್ತು ಕೂಡ ಇಷ್ಟು ಸುತ್ತಿರಲಿಕ್ಕಿಲ್ಲ.

ಊರವರ ಮಾತು ಹೋಗಲಿ, ಮನೆಯಲ್ಲೂ ಅದೇ. ಓಬಣ್ಣನ ಹೆಂಡತಿ ಮಾರಕ್ಕ ಬಾಯಲ್ಲಿ ಒಂದು ಮನಸ್ಸಿನಲ್ಲಿ ಒಂದು ಇಟ್ಟುಕೊಳ್ಳುವವಳಲ್ಲ. ಒಂದು ಸಲ ಬುತ್ತಿ ತಂದವಳು ಎಲ್ಲರ ಎದುರಿಗೇ ಹೇಳಿಬಿಟ್ಟಿದ್ದಳು, “ನಿಮಗೆ ಹಾಕಿದ್ರೆ ದಂಡ ಅಂತ ನಾನು ಅತ್ಲಾಗೇ ಹಾಕ್ದೆ. ಗೆಲ್ಲೋರಿಗೆ ಹಾಕಿದ್ರೆ ನಾಳೆ ಒಂದು ನಲ್ಲಿನಾದ್ರೂ ಬರುತ್ತೆ.” ಮಾತು ಕರಿಬಸಪ್ಪನ ಕಿವಿಗೆ ಬೀಳಲು ಎಷ್ಟು ಹೊತ್ತು? ಅವನು ಪ್ರತಿ ಭಾಷಣವನ್ನೂ ಅದರಿಂದಲೇ ಶುರುಮಾಡತೊಡಗಿದ. “ಸ್ವಂತ ಹೆಂಡ್ತಿ ವೋಟು ಬೀಳದೋನು ನಿಮ್ಮ ವೋಟು ಕೇಳೋಕೆ ಬರ್ತಾನೆ ನೋಡ್ರಪ್ಪಾ!” ಜನ ಬಿದ್ದು ಬಿದ್ದು ನಗುತ್ತಿದ್ದರು. ಓಬಣ್ಣನೂ ನಕ್ಕಂತೆ ಮಾಡುತ್ತಿದ್ದ. ಆದರೆ ಆ ಮಾತು ಅವನಿಗೆ ಮುಳ್ಳಿನ ಹಾಗೆ ನಾಟಿತ್ತು. ಗೆಲ್ಲದಿದ್ದರೂ ಚಿಂತೆಯಿಲ್ಲ, ಮಾರಿ ಒಂದು ಸಲ ನಂಬಿದರೆ ಸಾಕು ಎಂದು ಅವನು ದಾದಾಪೀರನ ಹತ್ತಿರ ಹೇಳಿದ್ದನ್ನು ನಾನು ಕೇಳಿದ್ದೇನೆ.

ಚುನಾವಣೆ ಹತ್ತಿರ ಬಂತು. ಸರ್ವೋನ್ನತಿ ಪಕ್ಷದ ದೆಹಲಿಯವರಿಗೆ ಈ ಸಲ ಜ್ಞಾನೋದಯವಾಗಿತ್ತು. ಗೆಲ್ಲುವ ಕುದುರೆಗಷ್ಟೇ ಟಿಕೆಟ್ಟು, ಕುದುರೆ ಎಂಥದ್ದೆಂದು ನೋಡಲು ಭಟ್ನಾಗರ್ ಎಂಬ ವೀಕ್ಷಕರು ಬರುತ್ತಾರೆ ಎಂದು ಸುದ್ದಿ ಬಂತು. ಅವರ ಕಡೆಯಿಂದ ಫೋನು ಬಂದಾಗ ಓಬಣ್ಣ ನನ್ನ ಮೇಲೆ ಕೂತಿದ್ದ. ದಾದಾಪೀರ ಕೈ ಚಾಚಿದ, ಅವನಿಗೆ ಉರ್ದು ಚೆನ್ನಾಗಿ ಗೊತ್ತು. ಆದರೆ ಓಬಣ್ಣ ಹೈಸ್ಕೂಲಿನಲ್ಲಿ ಹಿಂದಿ ಪರೀಕ್ಷೆ ಪಾಸು ಮಾಡಿದವನು, ಫೋನು ಬಿಟ್ಟುಕೊಡಲಿಲ್ಲ. “ಹಾಂಜಿ, ಹಾಂಜಿ, ಬಿಲ್ಕುಲ್‌ಜಿ” ಎಂದು ಐದಾರು ಸಲ ಅಂದು ಇಟ್ಟ.

“ಏನಂತಣ್ಣ?”

“ಮಂಚ್ ಮಜಬೂತ್ ಇರಬೇಕಂತೆ. ಐದು ಜನ ಕೂರ್ತಾರಂತೆ.”

ದಾದಾಪೀರ ಮೂಲೆಯಲ್ಲಿ ಒಟ್ಟಿದ್ದ ಹಲಗೆಗಳ ಕಡೆ ನೋಡಿದ. “ಮಂಚನಾ? ಸ್ಟೇಜ್ ಬ್ಯಾಡ್ವಾ? ನನ್ನ ಹತ್ರ ಹಲಗೆ ಐತೆ, ಡ್ರಮ್ ಐತೆ, ಅರ್ಧ ಗಂಟೇಲಿ ಹಾಕ್ತೀನಿ.”

“ನೀನು ಶಾಮಿಯಾನದ ಬುದ್ಧಿ ಬಿಡು. ಅವ್ರು ಸ್ಟೇಜ್ ಅನ್ನಲಿಲ್ಲ. ನನ್ನ ಕಿವೀಲಿ ಸ್ಪಷ್ಟ ಕೇಳ್ತು, ಮಂಚ್ ಅಂದ್ರು.”

“ಅಷ್ಟು ದೊಡ್ಡೋರಿಗೆ ಮಂಚ ಯಾಕಣ್ಣ?”

“ಸೊಂಟ ನೋವಿರಬೇಕು ಕಣೋ. ಇಲ್ಲಾ ಸರಳ ಜೀವನದೋರಿರಬೇಕು.”

ಹಿಂದಿಯಲ್ಲಿ ಮಂಚ್ ಎಂದರೆ ವೇದಿಕೆ, ಮಲಗುವುದಕ್ಕೆ ಬೇರೆಯೇ ಮಾತಿದೆ ಎಂದು ಆ ಅಂಗಡಿಯಲ್ಲಿ ಗೊತ್ತಿದ್ದುದು ನನಗೊಬ್ಬನಿಗೇ. ಬಾಯಿಲ್ಲದವನು ಏನು ಮಾಡಲಿ? ಐದು ಜನ ಕೂರುವ ಗಟ್ಟಿ ಮಂಚ ಊರಲ್ಲಿ ನಾನೊಬ್ಬನೇ ಆದ್ದರಿಂದ ನನ್ನನ್ನು ತೊಳೆದು, ಎಣ್ಣೆ ಹಚ್ಚಿ, ಬಸ್‌ಸ್ಟ್ಯಾಂಡ್ ಮೈದಾನದ ನಟ್ಟನಡುವೆ ಇಟ್ಟರು. ಮಾರಕ್ಕ ಬೈದುಕೊಂಡೇ ಮಗಳ ಬಾಣಂತನಕ್ಕೆಂದು ತೆಗೆದಿಟ್ಟಿದ್ದ ಹೊಸ ಜಮಖಾನ ಹಾಸಿದಳು, ಎರಡು ದಿಂಬು ಇಟ್ಟಳು.

ಭಟ್ನಾಗರ್ ಕಾರಿನಿಂದಿಳಿದರು. ಭಾರೀ ಆಳು, ಬಿಸಿಲಿಗೆ ಮುಖ ಕೆಂಪಾಗಿತ್ತು. ಸುತ್ತ ನೋಡಿ, “ಮಂಚ್ ಕಹಾಂ ಹೈ?” ಎಂದರು. ಓಬಣ್ಣ ಎರಡೂ ಕೈಯಲ್ಲಿ ನನ್ನನ್ನು ತೋರಿಸಿದ. ಅವರು ನನ್ನನ್ನು ನೋಡಿದರು, ದಿಂಬುಗಳನ್ನು ನೋಡಿದರು, ಆಮೇಲೆ ಓಬಣ್ಣನನ್ನು ನೋಡಿದರು. ದಾದಾಪೀರನಿಗೆ ಅಷ್ಟರಲ್ಲಿ ಅರ್ಥವಾಗಿ ಅವನು ಮೈಕಿನ ಹಿಂದೆ ಅಡಗಿಕೊಂಡ. ಆದರೆ ದಾರಿಯುದ್ದಕ್ಕೂ ಕುಲುಕಾಡಿ ಬಂದ ಭಟ್ನಾಗರ್‌ಗೆ ನಿಜವಾಗಿಯೂ ಸೊಂಟ ಹಿಡಿದಿತ್ತು. ಅವರು ಕೂತರು. ನಾನು ಕಿರ್ ಎನ್ನಲಿಲ್ಲ. ದಿಂಬಿಗೊರಗಿ “ಹಾಯ್” ಎಂದರು. ಬಂದಿದ್ದ ಜನವೇ ಸ್ವಲ್ಪ. ವೇದಿಕೆ ಇದ್ದಿದ್ದರೆ ಮೈದಾನ ಬಣಗುಟ್ಟುತ್ತಿತ್ತು. ಈಗ ಎಲ್ಲರೂ ‘ಇದೇನಪ್ಪ’ ಎಂದು ನನ್ನ ಸುತ್ತ ಒತ್ತಾಗಿ ನಿಂತರು. ಮರುದಿನ ಪತ್ರಿಕೆಯ ಪಟದಲ್ಲಿ ಕಾಲಿಡಲು ಜಾಗವಿಲ್ಲದಂಥ ಜನಸಾಗರ! ‘ವೇದಿಕೆ ತೊರೆದು ಜನರ ಮಟ್ಟಕ್ಕಿಳಿದ ಪಕ್ಷ’ ಎಂದು ತಲೆಬರಹ. ಇದು ತಮ್ಮದೇ ಯೋಚನೆ ಎಂದು ಭಟ್ನಾಗರ್ ದೆಹಲಿಗೆ ವರದಿ ಕೊಟ್ಟರು. ಓಬಣ್ಣನಿಗೆ ಟಿಕೆಟ್ಟು ಬಂತು.

ಅಲ್ಲಿಂದ ನನ್ನ ರಾಜಕೀಯ ಶುರುವಾಯಿತು. ದಾದಾಪೀರನ ಗೂಡ್ಸ್ ಆಟೊದಲ್ಲಿ ನನ್ನನ್ನು ಏರಿಸಿಕೊಂಡು ಊರೂರಿಗೆ ಹೋಗುವುದು, ಅರಳಿಕಟ್ಟೆ ಮುಂದೆ ಇಳಿಸುವುದು, ಓಬಣ್ಣ ಕೂರುವುದು, ಜನ ಬಂದು ಪಕ್ಕದಲ್ಲಿ ಕೂತು ಕಷ್ಟ ಹೇಳಿಕೊಳ್ಳುವುದು. ಗೋಡೆ ಗೋಡೆಗೆ ಪೋಸ್ಟರು ಅಂಟಿತು. ಪೋಸ್ಟರಿನ ತುಂಬ ನಾನು, ನನ್ನ ಮೇಲೆ ಕೈಮುಗಿದು ಕೂತ ಓಬಣ್ಣ. ಪಕ್ಷದ ಗುರುತು ಕೊಳಗ. ಕಣದಲ್ಲಿ ಧಾನ್ಯ ಅಳೆಯುವ ಆ ಕೊಳಗವನ್ನು ಈಗಿನವರು ಕಂಡವರಲ್ಲ. ‘ಇದೇನು ಕಸದ ಡಬ್ಬಿನಾ?’ ಎಂದು ಕೇಳುತ್ತಿದ್ದರು. ಆದ್ದರಿಂದ ದಾದಾಪೀರ ಜಾಣತನ ಮಾಡಿ ಅದನ್ನು ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ಹಾಕಿಸಿದ್ದ.

ಮೊದಮೊದಲು ಎಲ್ಲವೂ ಎಡವಟ್ಟೇ. ಒಂದು ಊರಲ್ಲಿ ಮುದ್ದೆ ಊಟ ಜಾಸ್ತಿಯಾಗಿ ಓಬಣ್ಣ ನನ್ನ ಮೇಲೆ ಹಾಗೇ ಅಡ್ಡಾದ. ಯಾರೋ ಪಟ ತೆಗೆದರು. ‘ನಿದ್ದೆಗೆ ಜಾರಿದ ವಿರೋಧ ಪಕ್ಷ’ ಎಂದು ಅಚ್ಚಾಯಿತು. ಕರಿಬಸಪ್ಪನಿಗೆ ಹಬ್ಬ. “ನಾವು ರಸ್ತೆ ಮಾಡ್ತೀವಿ, ಅವರು ನಿದ್ದೆ ಮಾಡ್ತಾರೆ” ಎಂದು ಮೈಕ್ ಹರಿಯುವಂತೆ ಕೂಗಿದ. ಅವತ್ತಿನಿಂದ ದಾದಾಪೀರ ದಿಂಬು ಕಸಿದುಕೊಂಡ. ಓಬಣ್ಣ ಬೆನ್ನು ನೆಟ್ಟಗೆ ಮಾಡಿ, ಕೋಲು ನುಂಗಿದವನ ಹಾಗೆ ಕೂರತೊಡಗಿದ.

ಎರಡನೆಯ ಎಡವಟ್ಟು ಹುಲಿಗೊಂದಿಯಲ್ಲಿ. ಆ ಊರಿನ ಓಣಿ ಕಿರಿದು, ಆಟೊ ಹೋಗುವುದಿಲ್ಲ. ನಾಲ್ಕು ಜನ ಕಾರ್ಯಕರ್ತರು ನನ್ನನ್ನು ಹೆಗಲ ಮೇಲೆ ಹೊತ್ತರು. ಶೋಭೆ ಇರಲೆಂದು ನನ್ನ ಮೇಲೆ ಹೂವಿನ ಹಾರ ಹಾಸಿದರು. ಮುಂದೆ ತಮಟೆಯವರು. ಓಬಣ್ಣ ಬಿಳಿ ಪಂಚೆ ಉಟ್ಟು, ಕೈಮುಗಿದುಕೊಂಡು ಹಿಂದೆ. ಹೊತ್ತವರಿಗೆ ತಿಳಿಯಲಿಲ್ಲ, ನೋಡುವವರಿಗೆ ಬೇರೇನೂ ತಿಳಿಯಲಿಲ್ಲ. ಅಂಗಡಿಯವನು ಶಟರ್ ಅರ್ಧ ಎಳೆದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಬಾಗಿಲಿಗೆ ಬಂದರು. ಒಬ್ಬ ಮುದುಕ ರುಮಾಲು ತೆಗೆದು ಪಕ್ಕಕ್ಕೆ ಸರಿದು ನಿಂತ.

“ಯಾರಂತೆ ಹೋಗಿದ್ದು?”

“ಠೇವಣಿ ಓಬಣ್ಣನ ಹೆಸ್ರು ಕೂಗ್ತಾವ್ರೆ. ಪಾಪ, ಅವನೇ ಇರಬೇಕು.”

ಕೆಂಚಮ್ಮ ಎಂಬ ಅಜ್ಜಿ ಎದೆ ಬಡಿದುಕೊಂಡು ಓಡಿ ಬಂದಳು. ಅವಳ ನಿಂತ ಪಿಂಚಣಿಯನ್ನು ಮತ್ತೆ ಕೊಡಿಸಿದವನು ಓಬಣ್ಣ. “ಅಯ್ಯೋ ನನ್ನಪ್ಪಾ, ಬದುಕಿದ್ದಾಗ ನಿನಗೊಂದು ವೋಟು ಹಾಕ್ಲಿಲ್ಲವಲ್ಲೋ! ಪಾಪಿ ಕೈಯಿ ಇದು!” ಎಂದು ನನ್ನ ಪಟ್ಟಿಗೆ ಹಣೆ ಚಚ್ಚಿಕೊಂಡಳು. ಓಬಣ್ಣ ಹಿಂದಿನಿಂದ ಬಂದು ಅವಳ ಭುಜ ಹಿಡಿದು, “ಅಜ್ಜಿ, ನಾನು ಇಲ್ಲೇ ಇದೀನಿ” ಎಂದ. ಕೆಂಚಮ್ಮ ತಿರುಗಿ ನೋಡಿ ಕಿಟಾರನೆ ಕಿರುಚಿದಳು. ಓಣಿಗೆ ಓಣಿಯೇ ನಡುಗಿತು. ಆಮೇಲೆ ಅವನ ಕೆನ್ನೆ ಮುಟ್ಟಿ ನೋಡಿ, ತಲೆಗೊಂದು ಮೊಟಕಿ, ಅಳುತ್ತಲೇ ನಗತೊಡಗಿದಳು. ಊರೆಲ್ಲ ನಕ್ಕಿತು.

ಆಟೊ ಹತ್ತುವಾಗ ದಾದಾಪೀರ ಹೇಳಿದ, “ಅಣ್ಣ, ಬೇಜಾರು ಮಾಡ್ಕಬ್ಯಾಡಿ. ನೀವು ಬದುಕಿರೋದೇ ಒಂದು ಪ್ರಾಬ್ಲಂ ಆಯ್ತು. ಇಲ್ದಿದ್ರೆ ಅನುಕಂಪದ ಅಲೆ ಇತ್ತು.”

ಆದರೆ ಅಲೆ ಎದ್ದೇ ಎದ್ದಿತು. ಸತ್ತ ಓಬಣ್ಣ ಎದ್ದು ಕೂತ ಕಥೆ ಸಂತೆಯಿಂದ ಸಂತೆಗೆ ಹೋಯಿತು. ನಗಲು ಬಂದವರು ಕೂತು ಮಾತಾಡಿದರು. ‘ಸತ್ತ ಅಂದಾಗ ಎದೆ ಧಸಕ್ಕೆಂದಿತು’ ಎಂದು ಒಬ್ಬನಲ್ಲ, ಹತ್ತು ಜನ ಹೇಳಿದರು. ಅವನಿಲ್ಲದಿದ್ದರೆ ತಮಗೆ ಯಾರು ಎಂದು ಅವರಿಗೆ ಆ ನೆವದಲ್ಲಿ ಹೊಳೆದಿತ್ತು. ನನಗಂತೂ ಇದು ಲೆಕ್ಕಾಚಾರವಿಲ್ಲದೆ ತಿಳಿಯುತ್ತಿತ್ತು. ವೋಟು ಹಾಕದವನು ಮಂಚದ ಅಂಚಿನಲ್ಲಿ ಕೂರುತ್ತಾನೆ, ಯಾವಾಗ ಬೇಕಾದರೂ ಎದ್ದು ಹೋಗಲು ಅನುಕೂಲವಾಗುವ ಹಾಗೆ. ಹಾಕುವವನು ಚಪ್ಪಲಿ ಬಿಟ್ಟು, ಕಾಲು ಮಡಚಿ, ನಡುವಿಗೇ ಬರುತ್ತಾನೆ. ಶುರುವಿನಲ್ಲಿ ನನ್ನ ಅಂಚು ಸವೆಯುತ್ತಿತ್ತು. ಕೊನೆಕೊನೆಗೆ ನಡುವಿನ ನವಾರು ಜೋತುಬಿತ್ತು. ಟಿವಿಯವರ ಸಮೀಕ್ಷೆ ಏನೇ ಹೇಳಲಿ, ಗಾಳಿ ತಿರುಗಿದ್ದು ನನಗೆ ಮೊದಲು ಗೊತ್ತಾಯಿತು.

ಗಾಳಿ ತಿರುಗಿದ ಮೇಲೆ ಓಬಣ್ಣನ ನಡಿಗೆಯೇ ಬದಲಾಯಿತು. ಈ ನಡುವೆ ಚಿಹ್ನೆ ಹಂಚಿಕೆಯಾಯಿತು. ನಾಗಲಿಂಗಪ್ಪ ಎಂಬ ಪಕ್ಷೇತರನೊಬ್ಬನಿದ್ದ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡವನು, ಕರಿಬಸಪ್ಪನ ಕಡೆಯವನಾದ ತನ್ನ ಬಾವನ ಮೇಲಿನ ಸಿಟ್ಟಿಗೆ ನಾಮಪತ್ರ ಹಾಕಿ ಮತ್ತೆ ಭಟ್ಟಿಗೆ ಹೋಗಿ ಕೂತಿದ್ದ. ಅವನಿಗೆ ಚೀಟಿಯಲ್ಲಿ ಬಂದ ಗುರುತು ಮಂಚ. ದಾದಾಪೀರ ಸುದ್ದಿ ತಂದಾಗ ಓಬಣ್ಣ ಹಿರಿಹಿರಿ ಹಿಗ್ಗಿದ.

“ನೋಡ್ದೇನೋ! ಸರ್ಕಾರದೋರೇ ನಮ್ಮ ಮಂಚದ ಪಟಾನ ಮಿಷನ್ ಮೇಲೆ ಹಾಕ್ತಾವ್ರೆ. ಪುಕ್ಕಟೆ ಪ್ರಚಾರ!”

ದಾದಾಪೀರನೂ ಹೌದೆಂದು ತಲೆಯಾಡಿಸಿದ. ಜನರ ಮನಸ್ಸು ಅಳೆಯಲು ತಿರುಗಿ ತಿರುಗಿ ಕಾಲು ಸವೆಸಿದ ಇಬ್ಬರಿಗೂ ಆ ಹೊತ್ತಿನಲ್ಲಿ ಅಷ್ಟೇ ತೋಚಿದ್ದು. ನನಗೆ ಮಾತ್ರ ಕಾಲುಗಳಲ್ಲಿ ಚಳಿ ಹೊಕ್ಕಂತಾಯಿತು.

ಮತದಾನದ ದಿನ ದಾದಾಪೀರ ಹುಲಿಗೊಂದಿಯ ಬೂತಿನಿಂದ ದೂರ, ನಿಯಮದ ಪ್ರಕಾರವೇ, ಮರದ ಕೆಳಗೆ ನನ್ನ ಮೇಲೆ ಕೂತಿದ್ದ. ವೋಟು ಹಾಕಿ ಬಂದವರ ಮುಖದಲ್ಲಿ ಕಳೆ. ಮೊದಲು ಬಂದವಳು ಕೆಂಚಮ್ಮ. ಕೋಲು ಊರಿಕೊಂಡು ಬಂದು ಬೆರಳಿನ ಶಾಯಿ ತೋರಿಸಿದಳು.

“ಒತ್ತಿ ಬಂದೆ ಕಣಪ್ಪ. ಈ ಸಲ ಋಣ ತೀರ್ತು.”

“ಕೊಳಗಕ್ಕೆ ತಾನೇ ಅಜ್ಜಿ?”

“ಯಾವ ಕೊಳಗ? ಮಂಚಕ್ಕೆ!” ಎಂದು ಅವಳು ನನ್ನ ಪಟ್ಟಿಯನ್ನು ಪ್ರೀತಿಯಿಂದ ತಟ್ಟಿದಳು.

ದಾದಾಪೀರನ ಮುಖದ ರಕ್ತವೆಲ್ಲ ಇಳಿಯಿತು. ಹಿಂದೆ ಬಂದವನೂ ಮಂಚ ಎಂದ. ಅವನ ಹಿಂದಿನವಳೂ ಮಂಚ ಎಂದಳು. ದಾದಾಪೀರ ಎದ್ದು ಸಾಲಿನ ಕಡೆ ಓಡಿದ. ‘ಕೊಳಗ’ ಎಂದು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಪೊಲೀಸಿನವರು ಬೂತಿನ ಹತ್ತಿರ ಪ್ರಚಾರ ಮಾಡಕೂಡದೆಂದು ಅವನ ಕುತ್ತಿಗೆಪಟ್ಟಿ ಹಿಡಿದು ಆಚೆ ಕಳಿಸಿದರು. ನಾನು ಅಲ್ಲೇ ಮರದ ಕೆಳಗೆ ಇದ್ದೆ. ಪ್ರತಿಯೊಬ್ಬರೂ ಹೊರಗೆ ಬಂದು ನನ್ನನ್ನು ಕಂಡು ನಗುತ್ತ ಕೈಮುಗಿದು ಹೋದರು. ನನ್ನನ್ನು ಕಂಡೇ ಒಳಗೆ ಹೋದವರೂ ಇದ್ದರು.

ಎಣಿಕೆಯಲ್ಲಿ ಕರಿಬಸಪ್ಪ ಗೆದ್ದ. ಓಬಣ್ಣ ಸೋತದ್ದು ಬರೀ ಮುನ್ನೂರು ಚಿಲ್ಲರೆ ಮತದಿಂದ. ಭಟ್ಟಿ ಬಿಟ್ಟು ಒಂದು ದಿನವೂ ಬಾರದ ನಾಗಲಿಂಗಪ್ಪನಿಗೆ ನಾಲ್ಕು ಸಾವಿರದ ಮೇಲೆ ಬಿದ್ದಿತ್ತು. ಅವನು ಮರುದಿನ ಒಂದು ಚೀಲ ಮಂಡಕ್ಕಿ, ಒಂದು ಸೇವಂತಿಗೆ ಹಾರ ಹಿಡಿದುಕೊಂಡು ಬಂದ. ಹಾರವನ್ನು ಓಬಣ್ಣನಿಗೆ ಹಾಕುತ್ತಾನೇನೋ ಎಂದುಕೊಂಡರೆ ನನ್ನ ಕಾಲಿಗೆ ಹಾಕಿ ಕೈಮುಗಿದ. “ನಮ್ಮ ಬಾವ ನಿನ್ನೆಯಿಂದ ಊಟ ಬಿಟ್ಟವ್ನೆ ಅಣ್ಣ, ನಾನೇ ಕರಿಬಸಪ್ಪನ ಲೀಡ್ ಕಡಿಮೆ ಮಾಡಿದೋನು ಅಂದ್ಕೊಂಡವ್ನೆ” ಎಂದು ಸಂತೋಷದಿಂದ ಹೇಳಿದ. ಓಬಣ್ಣ ಅವನಿಗೆ ಟೀ ತರಿಸಿದ. ಬೇರೆ ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ.

ಒಂದು ಲಾಭವಾಯಿತು. ಠೇವಣಿ ವಾಪಸ್ಸು ಬಂತು. ದಾದಾಪೀರ ಅದಕ್ಕೊಂದು ಮೆರವಣಿಗೆ ತೆಗೆಯೋಣ ಎಂದ, ಓಬಣ್ಣ ಬೇಡವೆಂದ. ದೆಹಲಿಯವರು ‘ಕುದುರೆ ಸರಿಯಿಲ್ಲ’ ಎಂದು ಬರೆದುಕೊಂಡರಂತೆ. ಕಾರ್ಯಕರ್ತರಿಗೆ ಸಿಟ್ಟು ತೀರಿಸಿಕೊಳ್ಳಲು ನಾನಲ್ಲದೆ ಯಾರು ಸಿಗಬೇಕು? ಮನೆಹಾಳು ಮಂಚ, ಸುಟ್ಟುಹಾಕಿ ಎಂದು ಕಾಲು ಹಿಡಿದು ಎಳೆದರು. ಆಗ ಮಾರಕ್ಕ ಅಡ್ಡ ಬಂದಳು.

“ಅದೇನ್ರೋ ಪಾಪ ಮಾಡೈತೆ? ಮೆಣಸಿನಕಾಯಿ ಒಣಗಾಕೋಕೆ ನನಗೆ ಬೇಕು, ಇಳಿಸ್ರೋ” ಎಂದು ಗದರಿ, ತಾನೇ ಒಂದು ಕಡೆ ಹಿಡಿದು ನನ್ನನ್ನು ಹಿತ್ತಲಿಗೆ ಸಾಗಿಸಿದಳು. ಅವಳು ಅಷ್ಟು ಜೋರು ಮಾಡಿದ್ದೇಕೆಂದು ಆಗ ನನಗೆ ಅರ್ಥವಾಗಲಿಲ್ಲ.

ಹಿತ್ತಲಲ್ಲಿ ಮಳೆ ಬಿಸಿಲಿಗೆ ನನಗೆ ಮುಪ್ಪು ಬೇಗ ಬಂತು. ನವಾರು ಬಣ್ಣಗೆಟ್ಟಿತು. ಒಂದು ಕಾಲಿಗೆ ಹುಳು ಬಿದ್ದು, ಅದರ ಕೆಳಗೆ ಇಟ್ಟಿಗೆ ಕೊಟ್ಟರು. ಬೆಳಿಗ್ಗೆ ಮೆಣಸಿನಕಾಯಿ, ಮಧ್ಯಾಹ್ನ ಹುಣಸೆಹಣ್ಣು, ಸಂಜೆ ಒಂದು ಬೆಕ್ಕು. ಓಬಣ್ಣ ಆಗಾಗ ಬಂದು ಅಂಚಿನಲ್ಲಿ ಕೂರುತ್ತಿದ್ದ. ಜನರ ಕೆಲಸ ಮಾಡಿಕೊಡುವುದನ್ನು ಅವನು ಬಿಡಲಿಲ್ಲ, ಚುನಾವಣೆಯ ಮಾತು ಮಾತ್ರ ಬಿಟ್ಟಿದ್ದ.

ಈಚೆಗೆ ಒಂದು ಮಧ್ಯಾಹ್ನ ಅವನು ಹಾಗೆ ಕೂತಿದ್ದಾಗ ಫೋನು ಬಂತು. ಒಂದೆರಡು ಸಲ ಹಾಂಜಿ ಎಂದು ಇಟ್ಟ. ಮಾರಕ್ಕ ನನ್ನ ಇನ್ನೊಂದು ತುದಿಯಲ್ಲಿ ಮೆಣಸಿನಕಾಯಿಯಲ್ಲಿ ಕೈಯಾಡಿಸುತ್ತಿದ್ದಳು.

“ಯಾರ್ರೀ?”

“ಡೆಲ್ಲಿಯೋರು. ಎಲೆಕ್ಷನ್ ಬಂತಲ್ಲ. ಈ ಸಲ ನಿಂತ್ರೆ ಗೆಲ್ತೀಯಾ ಅಂತ ಕೇಳ್ತಾರೆ.”

“ಏನಂದ್ರಿ?”

“ನಾಳೆ ಹೇಳ್ತೀನಿ ಅಂದೆ. ನಾಳೆ ಆಗಲ್ಲ ಅಂತೀನಿ. ಸಾಕು ಮಾರಿ. ಊರೋರು ತಪ್ಪಿ ಒತ್ತಿದ್ರು, ಅದು ಬಿಡು. ಮನೆಯೋಳೇ ನಂಬದೋನು ಇನ್ನೊಬ್ಬರನ್ನ ನಂಬಿ ಅಂತ ಯಾವ ಬಾಯಲ್ಲಿ ಕೇಳೋದು?”

ಮಾರಕ್ಕನ ಕೈ ನಿಂತಿತು.

“ನಂಬಲಿಲ್ಲ ಅಂತ ಯಾರು ಹೇಳಿದ್ದು?”

“ನೀನೇ ಹೇಳಿದ್ದಲ್ಲ, ದಂಡ ಅಂತ.”

“ಅದು ಅದಕ್ಕೂ ಹಿಂದಿನ ಮಾತು. ಹೋದ ಸಲ ನಿಮಗೇ ಒತ್ತಿದೆ.”

ಓಬಣ್ಣ ತಿರುಗಿ ಕೂತ. ಕಾಲನ್ನು ಮೇಲೆಳೆದುಕೊಂಡ. “ನಿಜವಾಗ್ಲೂ? ಕೊಳಗಕ್ಕೆ ಒತ್ತಿದ್ಯಾ?”

ಮಾರಕ್ಕ ನಾಲ್ಕಾರು ಮೆಣಸಿನಕಾಯಿಯ ತೊಟ್ಟು ಕಿತ್ತಳು. ಆಮೇಲೆ ತಲೆ ತಗ್ಗಿಸಿಯೇ, “ಮಂಚಕ್ಕೆ” ಎಂದಳು.

“ಏನು?”

“ಇಷ್ಟು ವರ್ಷದಲ್ಲಿ ನಿಮ್ಮ ಗುರುತು ಎಲ್ಲೈತೆ ಅಂತ ಹುಡುಕಿದೋಳಲ್ಲ ನಾನು. ಕಣ್ಣು ಮುಚ್ಕಂಡು ಅತ್ಲಾಗೆ ಒತ್ತಿ ಬಂದೋಳು. ಊರ ತುಂಬ ನೀವು ಮಂಚದ ಮೇಲೆ ಕೂತಿರೋ ಪಟ. ಒಳಗೆ ಹೋದೆ, ಮಂಚ ಕಾಣ್ತು. ನನ್ನ ಗಂಡ ಈ ಸಲ ಗೆದ್ದೇ ಗೆಲ್ತಾನೆ ಅಂದ್ಕಂಡು ಜೋರಾಗೇ ಒತ್ತಿದೆ. ಮನೆಗೆ ಬಂದು ಪಾಯಸಕ್ಕೆ ಬೆಲ್ಲಾನೂ ಕುಟ್ಟಿಟ್ಟಿದ್ದೆ.” ಅವಳು ಕಿತ್ತ ತೊಟ್ಟನ್ನು ಆಚೆ ಎಸೆದಳು. “ಹೆಂಗೆ ಹೇಳ್ಲಿ ಇದನ್ನ ನಿಮಗೆ? ಯಾವ ಮುಖ ಇಟ್ಕಂಡು ಹೇಳ್ಲಿ?”

ಓಬಣ್ಣ ಅವಳನ್ನೇ ನೋಡಿದ. ಅವನ ಮೈ ಅದುರತೊಡಗಿತು. ಅಳುತ್ತಿದ್ದಾನೆಂದು ನಾನು ಗಾಬರಿಯಾದೆ. ಅವನು ನಗುತ್ತಿದ್ದ. ಹೊಟ್ಟೆ ಹಿಡಿದುಕೊಂಡು, ಹಿಂದಕ್ಕೆ ಬಿದ್ದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮೆಣಸಿನಕಾಯಿ ಹಿತ್ತಲ ತುಂಬ ಚೆಲ್ಲಿತು. ಮಾರಕ್ಕ ಬೈಯಲು ಬಾಯಿ ತೆರೆದವಳು ತಾನೂ ನಕ್ಕುಬಿಟ್ಟಳು. ನಕ್ಕು ಮುಗಿದ ಮೇಲೆ ಅವನು ಮತ್ತೊಮ್ಮೆ ಕೇಳಿದ, ಬಹಳ ಮೆಲ್ಲಗೆ, “ಗೆಲ್ತೀನಿ ಅಂದ್ಕಂಡಿದ್ಯಾ, ಮಾರಿ?”

“ಅಂದ್ಕಂಡಿದ್ದೆ.”

ಅವನು ಎದ್ದು, ಮುಖ ಒರೆಸಿಕೊಂಡು, ನಾಳೆಯವರೆಗೂ ಕಾಯದೆ ದೆಹಲಿಗೆ ಫೋನು ತಿರುಗಿಸಿದ.

ಈಗ ಊರಲ್ಲಿ ಪ್ರಚಾರ ಬಿರುಸಾಗಿದೆಯಂತೆ. ಮಾರಕ್ಕ ಅಟ್ಟದಿಂದ ಅತ್ತೆಯ ಕಾಲದ ಹಿತ್ತಾಳೆ ಕೊಳಗ ಇಳಿಸಿ, ಹುಣಸೆಹಣ್ಣು ಹಾಕಿ ಬೆಳಗಿ, ಸೊಂಟದ ಮೇಲಿಟ್ಟುಕೊಂಡು ಮನೆಮನೆಗೆ ಹೋಗುತ್ತಾಳೆ. “ಸರಿಯಾಗಿ ನೋಡ್ಕಳ್ರಮ್ಮ, ಇದು ಕೊಳಗ. ಇದಕ್ಕೇ ಒತ್ತಬೇಕು. ನಾನು ಕೆಟ್ಟಂಗೆ ನೀವು ಕೆಡಬ್ಯಾಡಿ” ಎನ್ನುತ್ತಾಳಂತೆ. ಹೆಂಗಸರು ನಗುತ್ತಾರೆ, ನಕ್ಕು ಕೊಳಗವನ್ನು ಕೈಗೆ ತೆಗೆದುಕೊಂಡು ನೋಡುತ್ತಾರೆ. ಕರಿಬಸಪ್ಪನ ಭಾಷಣಕ್ಕೆ ಈಗ ಹೊಸ ಶುರು ಬೇಕಾಗಿದೆ.

ವೋಟು ಮುಗಿಯುವ ತನಕ ನನ್ನನ್ನು ಹಿತ್ತಲಿನಿಂದ ಹೊರಗೆ ತರಕೂಡದು ಎಂದು ಕಟ್ಟಪ್ಪಣೆಯಾಗಿದೆ. ಮೊನ್ನೆ ಯಾರೋ ಕಾರ್ಯಕರ್ತ ಮರೆತು ನನ್ನ ಕಾಲಿಗೆ ಕೈ ಹಾಕಿದ್ದಕ್ಕೆ ದಾದಾಪೀರ ಅವನನ್ನು ಅಟ್ಟಾಡಿಸಿದ. ನನಗೆ ಬೇಸರವಿಲ್ಲ. ಭಾರೀ ಭಟ್ನಾಗರ್ ಕೂತಿದ್ದಾರೆ, ಲಾರಿ ಡ್ರೈವರುಗಳು ಕೂತಿದ್ದಾರೆ, ಒಂದು ಪಕ್ಷವೇ ನನ್ನ ಮೇಲೆ ಕೂತಿತ್ತು. ಆದರೆ ಆ ಮಧ್ಯಾಹ್ನ ಗಂಡ ಹೆಂಡತಿ ಒಟ್ಟಿಗೆ ನಕ್ಕಾಗ ನನ್ನ ಹುಳುಬಿದ್ದ ಕಾಲು ಮೊದಲ ಸಲ ಕಿರ್ ಎಂದಿತು. ಅವರಿಬ್ಬರೂ ಅದನ್ನು ಕೇಳಿಸಿಕೊಳ್ಳಲಿಲ್ಲ.